ಪಾತ್ರಗಳ ಪಟ್ಟಿಯಲ್ಲಿ ನಟ ಕಾಣೆಯಾಗಿದ್ದಾರೆ

ಪ್ರಿಯರೇ,

ಅಮೆರಿಕದ ಕಿರುತೆರೆಯ ಪೋಷಕ ನಟ ಬರ್ಟ್ ಮಸ್ಟಿನ್ ಅವರನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯದ ಆಯ್ಕೆ ಬಹಳ ಒಳ್ಳೆಯದಾದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತಿದ್ದೇನೆ.

1884ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ, ಬಹುಕಾಲ ಕಾರು ಮಾರಾಟದಲ್ಲಿದ್ದು, ನಿವೃತ್ತರಾಗಿ ಅರಿಜೋನಾದಲ್ಲಿ ನೆಲೆಸಿದ್ದ ವ್ಯಕ್ತಿ 67ರ ವಯಸ್ಸಿನಲ್ಲಿ, 1951ರ ‘ಡಿಟೆಕ್ಟಿವ್ ಸ್ಟೋರಿ’ ಚಿತ್ರದಲ್ಲಿ ಕಾಣಿಸಿಕೊಂಡದ್ದನ್ನು ನೀವು ‘ಅದೃಷ್ಟ ಬಾಗಿಲು ತಟ್ಟಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಮಸ್ಟಿನ್ ಅವರನ್ನು ಆ ಚಿತ್ರದ ನಿರ್ದೇಶಕ ವಿಲಿಯಂ ವೈಲರ್ ಗುರುತಿಸಿದ್ದು ಫೀನಿಕ್ಸ್‌ನ ಸೊಂಬ್ರೆರೊ ಪ್ಲೇಹೌಸ್‌ನಲ್ಲಿ, ಅದೇ ಕಥೆಯ ರಂಗಪ್ರಯೋಗದಲ್ಲಿ. ಅದಕ್ಕೂ ದಶಕಗಳ ಮೊದಲೇ ಮಸ್ಟಿನ್ ಹವ್ಯಾಸಿ ರಂಗಭೂಮಿಯಲ್ಲಿ ಪಳಗಿದ್ದರು, ಪಿಟ್ಸ್‌ಬರ್ಗ್‌ನ ಕೆಡಿಕೆಎ ರೇಡಿಯೊದಲ್ಲಿ ಕಾರ್ಯಕ್ರಮ ನಡೆಸಿಕೊಟ್ಟಿದ್ದರು. ಅಷ್ಟು ಕಾಲದ ಅಭ್ಯಾಸವನ್ನು ಅದೃಷ್ಟದ ಲೆಕ್ಕಕ್ಕೆ ಬರೆದರೆ ಆ ನಟನಿಗೆ ಅನ್ಯಾಯವಾಗುತ್ತದೆ.

ಅಲ್ಲಿಂದ ಮುಂದೆ ಲೇಖನ ಬರೀ ಧಾರಾವಾಹಿಗಳ ಹೆಸರುಗಳಿಂದ ತುಂಬಿಹೋಗಿದೆ. ಅರ್ಧ ಗಂಟೆಯ ಕಂತಿನಲ್ಲಿ ಪೋಷಕ ನಟನಿಗೆ ದಕ್ಕುವುದು ಕೆಲವೇ ನಿಮಿಷ. ಅಷ್ಟರಲ್ಲೇ ನಡಿಗೆ, ದನಿ, ಮುಖಭಾವಗಳಿಂದ ಒಬ್ಬ ಇಡೀ ಮನುಷ್ಯನನ್ನು ನಂಬಿಸಬೇಕು. ‘ಲೀವ್ ಇಟ್ ಟು ಬೀವರ್’ನ ಅಗ್ನಿಶಾಮಕ ಗಸ್ ಆಗಲಿ, 1973ರಲ್ಲಿ ‘ಆಲ್ ಇನ್ ದಿ ಫ್ಯಾಮಿಲಿ’ಗೆ ಬಂದ, ವೃದ್ಧಾಶ್ರಮ ತೊರೆದು ಬಂಕರ್ ಕುಟುಂಬದ ಆಸರೆ ಪಡೆಯುವ ಜಸ್ಟಿನ್ ಕ್ವಿಗ್ಲಿ ಆಗಲಿ, ಯಾವುದಾದರೂ ಒಂದು ಪಾತ್ರವನ್ನು ಹಿಡಿದು, ಒಂದು ದೃಶ್ಯವನ್ನು ಮತ್ತೆ ಮತ್ತೆ ನೋಡಿ, ಅವರು ಅಲ್ಲಿ ಏನು ಮಾಡುತ್ತಾರೆಂದು ಬರೆಯಿರಿ. ಉಳಿದ ಹೆಸರುಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಿರಿ.

ಕೊನೆಯ ಭಾಗದಲ್ಲಿ ‘ಮನಕಲಕುವ’, ‘ಕರುಳು ಹಿಂಡುವ’ ಎಂಬ ವಿಶೇಷಣಗಳು ತುಂಬಿವೆ. ‘ಫಿಲಿಸ್’ ಧಾರಾವಾಹಿಯಲ್ಲಿ ಮಸ್ಟಿನ್ ಅವರ ಪಾತ್ರಕ್ಕೂ ಜುಡಿತ್ ಲೌರಿ ಅವರ ಮದರ್ ಡೆಕ್ಸ್‌ಟರ್ ಪಾತ್ರಕ್ಕೂ ಮದುವೆಯಾಗುವ ಕಂತು 1976ರ ಡಿಸೆಂಬರ್‌ನಲ್ಲಿ ಪ್ರಸಾರವಾಯಿತು. ಅಷ್ಟರಲ್ಲಿ ಲೌರಿ ತೀರಿಕೊಂಡಿದ್ದರು. ಮರುತಿಂಗಳು, 92ನೆಯ ವಯಸ್ಸಿನಲ್ಲಿ, ಮಸ್ಟಿನ್ ಕೂಡ ತೀರಿಕೊಂಡರು. ಇಷ್ಟನ್ನು ಇದ್ದಂತೆ ಹೇಳಿದರೆ ಓದುಗರಿಗೆ ತಟ್ಟುತ್ತದೆ.

ತಿದ್ದುವಾಗ ಜನನದಿಂದ ಆರಂಭಿಸದೆ ಫೀನಿಕ್ಸ್‌ನ ಆ ರಂಗಮಂದಿರದಿಂದ ಆರಂಭಿಸಿ, ಪಿಟ್ಸ್‌ಬರ್ಗ್‌ನ ವರ್ಷಗಳಿಗೆ ಆಮೇಲೆ ಹಿಂದಿರುಗಿ. ಹೊಸ ಪ್ರತಿ ಕಳಿಸಿದರೆ ಖಂಡಿತ ಓದುತ್ತೇನೆ.

— ಸಂಪಾದಕ