ಮನೆಯಲ್ಲಿ ಚಟದವರು ಯಾರೂ ಇಲ್ಲ, ಆದರೂ ನಾರ್ಕ್ಯಾನ್ ಬೇಕಾ?

ಅಮೆರಿಕದ ನ್ಯೂಜೆರ್ಸಿ, ಆಪರೇಷನ್ ಆದ ಗಂಡ, ನೋವಿಗೆ ಆಕ್ಸಿಕೊಡೋನ್ ಅನ್ನೋ ಅಫೀಮಿನ ಜಾತಿಯ ಬಲವಾದ ಮಾತ್ರೆ, ನಾರ್ಕ್ಯಾನ್ ಕೊಡಲಾ ಅಂದ ಫಾರ್ಮಸಿಯವರು. ಚಟ ಇಲ್ಲದ ಮನೆಗೆ ಅದು ಯಾಕೆ, ತಗೊಂಡರೆ ಹೆಸರು ದಾಖಲಾಗುತ್ತಾ ಅಂತ ಕೇಳಿದ್ದೀರಿ. ನಾರ್ಕ್ಯಾನ್ ಅಂದರೆ ನ್ಯಾಲಾಕ್ಸೋನ್ ಔಷಧಿ ಇರುವ ಸ್ಪ್ರೇ, ಇಂಥ ಮಾತ್ರೆ ಜಾಸ್ತಿಯಾಗಿ ಉಸಿರು ನಿಂತಾಗ ಮೂಗಿಗೆ ಹಾಕೋದು. ನಿಮ್ಮ ಪ್ರಶ್ನೆ ಓದಿ ಕೈ ನಡುಗಿತು. 2021ರಲ್ಲಿ ಇದೇ ರಾಜ್ಯದಲ್ಲಿ ನಾನೂ ಹೀಗೇ ಕೌಂಟರ್ ಮುಂದೆ ನಿಂತಿದ್ದೆ.

ನಮ್ಮವರಿಗೆ ಬೆನ್ನಿನ ಆಪರೇಷನ್ ಆಗಿತ್ತು. ಮಾತ್ರೆ ಕೊಡುವಾಗ ಅಲ್ಲಿದ್ದ ಹುಡುಗಿ, "ಜೊತೆಗೆ ನ್ಯಾಲಾಕ್ಸೋನ್ ಸ್ಪ್ರೇ ಕೊಡಲಾ? ಬೇರೆ ಡಾಕ್ಟರ ಚೀಟಿ ಬೇಡ" ಎಂದಳು. ನನ್ನ ಹಿಂದೆ ಸಾಲಿನಲ್ಲಿ ನಮ್ಮ ಕನ್ನಡದವರೊಬ್ಬರು ನಿಂತಿದ್ದರು. "ನಮ್ಮ ಮನೇಲಿ ಅಂಥವರು ಯಾರೂ ಇಲ್ಲ" ಅಂದುಬಿಟ್ಟೆ. ದುಡ್ಡಿಗೆ ಹಿಂಜರಿದದ್ದಲ್ಲ. ಅದು ಏನಕ್ಕೆ ಅಂತಲೂ ಗೊತ್ತಿತ್ತು, ಟೀವಿಯಲ್ಲಿ ನೋಡಿದ್ದೆ. ಬೀದಿಯಲ್ಲಿ ಬಿದ್ದವರ ಔಷಧಿ ಅಂತ ತಲೆಯಲ್ಲಿ ಕೂತಿತ್ತು. ತಗೊಂಡರೆ ಗಂಡನಿಗೆ ಚಟ ಇದೆ ಅಂತ ನಾನೇ ಸಾರಿದ ಹಾಗೆ ಅನ್ನಿಸಿತು. ಆಕೆ ಮೆಲ್ಲಗೆ ಇನ್ನೊಂದು ಸಲ ಕೇಳಿದಳು. ಆಗಲೂ ಬೇಡ ಎಂದೆ. ಅಷ್ಟು ಹೊತ್ತಿಗೆ ಹಿಂದಿದ್ದವರು ಫೋನ್ ನೋಡುತ್ತಿದ್ದರು, ನನ್ನ ಕಡೆ ಗಮನವೇ ಇರಲಿಲ್ಲ. ಆ ಎರಡನೇ "ಬೇಡ" ಇವತ್ತಿಗೂ ಚುಚ್ಚುತ್ತದೆ.

ನಾಲ್ಕನೇ ರಾತ್ರಿ ನೋವು ತಡೆಯಲಾರದೆ ಇವರು ಒಂದು ಮಾತ್ರೆ ಜಾಸ್ತಿ ನುಂಗಿದ್ದಾರೆ. ಅದರ ಮೇಲೆ ಹಳೇ ನಿದ್ದೆ ಮಾತ್ರೆ. ಜೋರು ಗೊರಕೆ. ಪಾಪ, ಇವತ್ತಾದರೂ ನಿದ್ದೆ ಹತ್ತಿತಲ್ಲ ಅಂತ ದೀಪ ಆರಿಸಿದೆ. ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಗೊಳಗೊಳ ಸದ್ದು. ಆಮೇಲೆ ಸದ್ದೇ ಇಲ್ಲ. ದೀಪ ಹಾಕಿದರೆ ತುಟಿ ನೇರಳೆಹಣ್ಣು ತಿಂದವರ ಹಾಗಿತ್ತು. ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ, ಅವರು ಹೇಳಿಕೊಟ್ಟ ಹಾಗೆ ಬಾಯಿಗೆ ಬಾಯಿಟ್ಟು ಊದಿದೆ. ಮೊದಲು ಬಂದ ಪೊಲೀಸಿನವರ ಹತ್ತಿರ ಅದೇ ಸ್ಪ್ರೇ ಇತ್ತು. ಒಂದು ಹೊಳ್ಳೆಗೆ ಹಾಕಿ, ಮೂರು ನಿಮಿಷ ನೋಡಿ, ಇನ್ನೊಂದು ಹೊಳ್ಳೆಗೆ. ಇವರು ಕೆಮ್ಮಿದರು.

ಅದಕ್ಕೇ ಹೇಳುತ್ತೇನೆ, ಚಟ ಇದೆಯಾ ಇಲ್ಲವಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಆ ಮಾತ್ರೆ ಮನೆಯಲ್ಲಿದೆಯಾ ಅಂತ ಕೇಳಿಕೊಳ್ಳಿ. ಜಾಸ್ತಿಯಾದರೆ ಯಾರ ಉಸಿರನ್ನಾದರೂ ಅದು ನಿಲ್ಲಿಸುತ್ತದೆ.

ಹೆಸರು ದಾಖಲಾಗುತ್ತೆ ಅಂತಲೂ ಹೆದರಿದ್ದೀರಿ. ನ್ಯೂಜೆರ್ಸಿಯಲ್ಲಿ 2023ರ ಜನವರಿಯಿಂದ, ರಾಜ್ಯದ ಯೋಜನೆಗೆ ಸೇರಿದ ಫಾರ್ಮಸಿಗಳಲ್ಲಿ 14 ವರ್ಷ ತುಂಬಿದ ಯಾರಿಗಾದರೂ ಈ ಔಷಧಿ ಪುಕ್ಕಟೆ ಕೊಡುತ್ತಾರೆ, ಹೆಸರು ಹೇಳಬೇಕಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 4 ಮಿಲಿಗ್ರಾಂ ನಾರ್ಕ್ಯಾನನ್ನು ದೇಶದಲ್ಲೆಲ್ಲ ಚೀಟಿ ಇಲ್ಲದೆ ಮಾರಲು ಒಪ್ಪಿತು. ಒಳ್ಳೆಯ ಮನಸ್ಸಿನಿಂದ ಸ್ಪ್ರೇ ಹಾಕಿದವರಿಗೆ ರಾಜ್ಯದ 2013ರ ಕಾನೂನಿನ ರಕ್ಷಣೆ ಇದೆ. ಇಷ್ಟೆಲ್ಲ ಬಾಗಿಲು ತೆರೆದಿರುವಾಗ ನಾವು ಸುಮ್ನೆ ನಾಚಿಕೊಂಡು ಕೂತರೆ ಹೇಗೆ?

ಸ್ಪ್ರೇ ಹಾಕಿದರೂ 911ಕ್ಕೆ ಫೋನ್ ಮಾಡಲೇಬೇಕು. ಅದರ ಕೆಲಸ 30ರಿಂದ 90 ನಿಮಿಷ ಅಷ್ಟೇ, ಮಾತ್ರೆಯ ಅಮಲು ಮತ್ತೆ ಏರಬಹುದು. ಉಸಿರು ನಿಂತವರು ತಾವೇ ಹಾಕಿಕೊಳ್ಳಲಾರರು ಅಲ್ವಾ? ಹಾಗಾಗಿ ತಂದಿಟ್ಟರೆ ಸಾಲದು, ಎಲ್ಲಿದೆ ಅಂತ ಮಕ್ಕಳಿಗೂ ತೋರಿಸಿ. ನಮ್ಮದು ಹಾಸಿಗೆ ಪಕ್ಕದ ಮೇಲಿನ ಡ್ರಾಯರಿನಲ್ಲಿದೆ.