ಮುಖ ನೋಡಿಯೂ ಮಾತನಾಡಿಸದ ಸೊಸೆ

ಡೊಂಬಿವಲಿಯ ಮೂವತ್ತರ ಆಸುಪಾಸಿನ ಗೃಹಿಣಿಯೊಬ್ಬರನ್ನು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಅವರ ಅತ್ತೆಯವರೇ ನನ್ನಲ್ಲಿಗೆ ಕರೆತಂದಿದ್ದರು. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದು ಆರು ವರ್ಷವಾದರೂ ಸೊಸೆ ನೆಂಟರನ್ನಾಗಲಿ, ಲಿಫ್ಟಿನಲ್ಲಿ ಎದುರಾಗುವ ನೆರೆಯವರನ್ನಾಗಲಿ ಮಾತನಾಡಿಸುವುದಿಲ್ಲ, ಮಾಟುಂಗಾದ ಮದುವೆಯೊಂದರಲ್ಲಿ ಸ್ವಂತ ಓರಗಿತ್ತಿಯನ್ನೇ 'ನೀವು ಹೆಣ್ಣಿನ ಕಡೆಯವರಾ?' ಎಂದು ಕೇಳಿದಳು ಎಂಬುದು ದೂರು. 'ನಮ್ಮವರೆಂದರೆ ಅವಳಿಗೆ ಸಸಾರ ಮೇಡಂ, ಸೊಕ್ಕು' ಎಂದರು.

ಮೊದಲ ಭೇಟಿಯಲ್ಲಿ ನಾನೂ ಎಡವಿದೆ; ಜನರೆದುರು ಮುದುಡುವ ಸೊಸೆಯ ರೀತಿಯನ್ನು ಸಂಕೋಚವೆಂದು ಬರೆದುಕೊಂಡೆ. ಎರಡನೆಯ ಸಲ ಒಬ್ಬರೇ ಬಂದಾಗ ಅವರು ಹೇಳಿದ್ದು ಬೇರೆ. ಬಾಲವಾಡಿ ಬಿಡುವ ಹೊತ್ತಿಗೆ ಒಂದೇ ಸಮವಸ್ತ್ರದ ಮಕ್ಕಳ ನಡುವೆ ಮಗಳು ಯಾರೆಂದು ತಿಳಿಯದೆ, ಅವಳ ಚೀಲಕ್ಕೆ ಹಸಿರು ದಾರ ಕಟ್ಟಿಡುತ್ತಿದ್ದರು. ದಾರ ಬಿಚ್ಚಿಹೋದ ದಿನ ಮಗುವೇ ಬಂದು ಕೈ ಹಿಡಿಯುವವರೆಗೆ ಗೇಟಿನ ಬಳಿ ಕಾದು ನಿಂತಿದ್ದರು. ಅದೇ ಮಗು 'ಅಮ್ಮಾ' ಎಂದು ಕೂಗಿದರೆ ನೂರು ದನಿಗಳ ನಡುವೆಯೂ ಗೊತ್ತಾಗುತ್ತಿತ್ತು. ಕಣ್ಣಿಗೂ ನೆನಪಿಗೂ ಯಾವ ಕೊರತೆಯೂ ಇರಲಿಲ್ಲ, ಚಿಕ್ಕಂದಿನಿಂದಲೂ ಹೀಗೆಯೇ.

ತಲೆಗೆ ಪೆಟ್ಟಿನ ಚರಿತ್ರೆ ಇಲ್ಲದಿದ್ದರೂ ನರರೋಗ ತಜ್ಞರಲ್ಲಿಗೆ ಕಳುಹಿಸಿದೆ. ಮೆದುಳಿನಲ್ಲಿ ಗಾಯವಿಲ್ಲವೆಂದು ಖಚಿತವಾಯಿತು. ಮುಖಗಳನ್ನು ಗುರುತಿಸುವ ಪರೀಕ್ಷೆಗಳಲ್ಲಿ ಮಾತ್ರ ಅಂಕ ತೀರ ಕಡಿಮೆ. ಇದಕ್ಕೆ ಮುಖಕುರುಡು ಎನ್ನುತ್ತಾರೆ. ಪ್ರೊಸೊಪಗ್ನೋಸಿಯ ಎಂಬ ಇದರ ವೈದ್ಯಕೀಯ ಹೆಸರನ್ನು 1947ರಲ್ಲಿ ಜರ್ಮನಿಯ ವೈದ್ಯ ಯೋಆಖಿಮ್ ಬೋಡಮರ್, ಮೆದುಳಿಗೆ ಗಾಯವಾದವರನ್ನು ಕಂಡು ಕೊಟ್ಟರು. ಹುಟ್ಟಿನಿಂದಲೇ ಬರುವ ಬಗೆ ಹೆಚ್ಚು ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಅತ್ತೆಯವರಿಗೆ ಇದನ್ನು ತಿಳಿಸುವುದೇ ಕಷ್ಟವಾಗಿತ್ತು. ಮುಖವೊಂದು ಕಣ್ಣಿಗೆ ಬಿದ್ದು ಸುಮಾರು 170 ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ ಆರನೆಯ ಒಂದು ಭಾಗದಲ್ಲಿ, ಮೆದುಳು ಅದನ್ನು ಮುಖವೆಂದು ಬೇರ್ಪಡಿಸುತ್ತದೆ. 250 ಮಿಲಿಸೆಕೆಂಡಿನ ಸುಮಾರಿಗೆ ಅದು ಪರಿಚಯದ ಮುಖವೋ ಅಲ್ಲವೋ ಎಂಬುದು ಮೆದುಳಿನ ವಿದ್ಯುತ್ ಅಲೆಗಳಲ್ಲಿ ಸ್ಪಷ್ಟವಾಗುತ್ತದೆ. ಹೆಸರು ಹೊಳೆಯುವುದು ಅದರ ಬಳಿಕ. ಇಷ್ಟು ಬೇಗ, ಯತ್ನವೇ ಇಲ್ಲದೆ ನಡೆಯುವುದನ್ನು ನಾವು ಸಾಮರ್ಥ್ಯವೆಂದು ಎಣಿಸುವುದೇ ಇಲ್ಲ. ಆದ್ದರಿಂದ ಅದು ನಡೆಯದ ಕಡೆ ನಮಗೆ ಕಾಣುವುದು ಕೊರತೆಯಲ್ಲ, ಅಗೌರವ. ನಾನು ಅವರದೇ ಮದುವೆ ಆಲ್ಬಮ್ಮನ್ನು ತರಿಸಿ ತಲೆಕೆಳಗಾಗಿ ಹಿಡಿದೆ. ಮೆದುಳು ಕಣ್ಣು, ಮೂಗು, ಬಾಯಿಗಳನ್ನು ಒಟ್ಟಾರೆಯಾಗಿ ಗ್ರಹಿಸುವುದರಿಂದ, ತಿರುಗಿಸಿದ ಮುಖದಲ್ಲಿ ಆ ಚುರುಕು ಕೆಡುತ್ತದೆ. ತಮ್ಮ ನಾದಿನಿಯ ಚಿತ್ರದ ಮುಂದೆ ಅವರು ತಡವರಿಸಿ, ಕಡೆಗೆ ಸೀರೆಯ ಅಂಚು ನೋಡಿ ಹೆಸರು ಹೇಳಿದರು. 'ಇವಳೂ ಹೀಗೆ ಸೀರೆ ನೋಡಿಯೇ ಹೇಳುವುದಾ?' ಎಂದು ಕೇಳಿ ಸುಮ್ಮನಾದರು.

ಗುಣಪಡಿಸುವ ಔಷಧವಿಲ್ಲವೆಂದು ಮೊದಲೇ ಹೇಳಿ, ನಾನು ಕೊಟ್ಟ ಸಲಹೆಗಳು ಸಾಧಾರಣವಾದವು. ಸೊಸೆ ದನಿ, ನಡಿಗೆ, ಮಚ್ಚೆಗಳ ಆಸರೆಯನ್ನು ನಾಚಿಕೆಯಿಲ್ಲದೆ ಬಳಸಬೇಕು, ಹತ್ತಿರದವರಿಗಾದರೂ ವಿಷಯ ತಿಳಿಸಬೇಕು. ಸಮಾರಂಭಗಳಲ್ಲಿ ಗಂಡ ಮೊದಲು ಹೆಸರು ಹಿಡಿದು ಮಾತನಾಡಿಸಬೇಕು. ಬಾಲವಾಡಿಯಲ್ಲಿ ಶಿಕ್ಷಕಿಯೇ ಮಗುವನ್ನು ಕೈಗೊಪ್ಪಿಸುವಂತೆ ಕೇಳಿಕೊಳ್ಳಬೇಕು; ದಾರವನ್ನು ನಂಬುವುದು ಅಪಾಯ. 'ನಾನು ಯಾರು ಹೇಳು ನೋಡೋಣ' ಎಂದು ಮನೆಯಲ್ಲಿ ಪರೀಕ್ಷಿಸುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿದೆ.

ನಾಲ್ಕು ತಿಂಗಳ ಬಳಿಕ ಸೊಸೆಯೇ ಫೋನ್ ಮಾಡಿ, ಇದು ಕುಟುಂಬಗಳಲ್ಲಿ ಹರಿದು ಬರಬಹುದೆಂದು ನಾನು ಹೇಳಿದ್ದನ್ನು ನೆನಪಿಸಿ, ಮಗಳ ಬಗ್ಗೆ ವಿಚಾರಿಸಿದರು. ಊರಿನಲ್ಲಿ 'ಬಿಗುಮಾನದವರು' ಎನಿಸಿಕೊಂಡಿದ್ದ ತಮ್ಮ ತಂದೆಯ ನೆನಪೂ ಅವರಿಗೆ ಆಗಿತ್ತು. ಸದ್ಯಕ್ಕೆ ಪರೀಕ್ಷೆ ಬೇಡ, ಲಕ್ಷಣ ಕಂಡರೆ ನೋಡೋಣ ಎಂದೆ. ಕಟ್ಟಡದ ಮೆಟ್ಟಿಲಿನಲ್ಲಿ ಯಾರು ಎದುರಾದರೂ ಹೆಸರು ಹೇಳಿ ಅಮ್ಮನಿಗೆ ತಿಳಿಸುವವಳು ಈಗ ಆ ಹುಡುಗಿಯೇ ಅಂತೆ.