ಎಂಜಿನ್ ಪಾರ್ಟ್ಸ್ ಆರ್ಡರ್ ಇಳಿಯುತ್ತಿದೆ, ಹೊಸ ಮಷೀನ್ ಹಾಕಲೇ?

ಪೀಣ್ಯದಲ್ಲಿ ಆರು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ, ಪೀಸನ್ನು ತಿರುಗಿಸಿ ಕೊರೆಯುವ ಮಷೀನ್), ಒಂದು ಸೆಂಟರ್‌ಲೆಸ್ ಗ್ರೈಂಡರ್ (ಪೀಸನ್ನು ತುದಿಯಲ್ಲಿ ಹಿಡಿಯದೆ ಚಕ್ರಗಳ ನಡುವೆ ಉಜ್ಜುವ ಮಷೀನ್) ಇಟ್ಟುಕೊಂಡು ಬೈಕ್ ಎಂಜಿನ್ನಿಗೆ ವಾಲ್ವ್ ಗೈಡ್ (ವಾಲ್ವ್ ನೇರವಾಗಿ ಓಡುವಂತೆ ಹಿಡಿಯುವ ಕೊಳವೆ) ಮಾಡುತ್ತಿದ್ದೀರಿ. ಸಾಲ ತೆಗೆದು ವಿಎಂಸಿ (ನಿಂತ ಕಟ್ಟರಿನಿಂದ ಕೊರೆಯುವ ಮಿಲ್ಲಿಂಗ್ ಮಷೀನ್) ಹಾಕಿ ಎಲೆಕ್ಟ್ರಿಕ್ ಸ್ಕೂಟರಿನ ಕೆಲಸ ಹಿಡಿಯಲೇ ಎಂದು ಕೇಳಿದ್ದೀರಿ. ಈಗಲೇ ಬೇಡ ಎನ್ನುತ್ತೇನೆ. ಮೊದಲು ಇರುವ ಲೇತ್‌ಗಳಿಗೆ ಒಗ್ಗುವ ಬೇರೆ ಪಾರ್ಟ್ ಹುಡುಕಿ.

ಎಲೆಕ್ಟ್ರಿಕ್ ಗಾಡಿಯಲ್ಲಿ ವಾಲ್ವ್, ಪಿಸ್ಟನ್ ಇಲ್ಲ, ನಿಜ. ಆದರೆ ಚಕ್ರದ ಆಕ್ಸಲ್, ಸ್ಟೀರಿಂಗ್ ಸ್ಟೆಮ್, ಸಸ್ಪೆನ್ಷನ್ ಬುಷ್, ಬ್ರೇಕ್ ಪಿನ್ ಎರಡೂ ಬಗೆಯ ಗಾಡಿಗೆ ಬೇಕು. ಮಾರುಕಟ್ಟೆ ಯಾವ ಕಡೆ ವಾಲಿದರೂ ಇವುಗಳ ಬೇಡಿಕೆ ನಿಲ್ಲುವುದಿಲ್ಲ.

ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎನ್ನುವುದಕ್ಕೆ ಒಂದೇ ಲೆಕ್ಕ ಸಾಕು: ಮಷೀನಿನ ಒಂದು ಗಂಟೆಗೆ ಕೈಗೆ ಎಷ್ಟು ಉಳಿಯುತ್ತದೆ? ಪಾರ್ಟಿನ ದರ 42 ರೂಪಾಯಿ ಅಂದುಕೊಳ್ಳಿ. ಮೆಟೀರಿಯಲ್ 18, ಟೂಲ್ 3, ಹೊರಗಿನ ಹೀಟ್ ಟ್ರೀಟ್‌ಮೆಂಟ್ 5 ಕಳೆದರೆ 16 ಉಳಿಯಿತು. ಗಂಟೆಗೆ ನಿಜವಾಗಿ 25 ಪೀಸ್ ಬಂದರೆ 400 ರೂಪಾಯಿ. ಸೈಕಲ್ ಟೈಮಿನಿಂದ (ಒಂದು ಪೀಸಿಗೆ ಮಷೀನ್ ಓಡುವ ಹೊತ್ತು) ಲೆಕ್ಕ ಹಾಕಬೇಡಿ, ಸೆಟ್ಟಿಂಗ್, ರಿಜೆಕ್ಷನ್, ಕರೆಂಟ್ ಹೋದ ಹೊತ್ತು ಎಲ್ಲ ಸೇರಿದ ಒಂದು ತಿಂಗಳ ಶಿಫ್ಟ್ ಬುಕ್ ನೋಡಿ. ದೊಡ್ಡ ಬಿಲ್ಲಿನ ಪಾರ್ಟೇ ಕೊನೆಯ ಸ್ಥಾನಕ್ಕೆ ಬೀಳುವುದುಂಟು.

ಎಲೆಕ್ಟ್ರಿಕ್ ಗಾಡಿಯ ಮೋಟಾರ್ ಶಾಫ್ಟ್ ಕೆಲಸ ಸಿಕ್ಕರೆ ಎಚ್ಚರ. ಮೆಟ್ಟಿಲು ಮೆಟ್ಟಿಲಾಗಿರುವ ಶಾಫ್ಟ್ ಸೆಂಟರ್‌ಲೆಸ್‌ನಲ್ಲಿ ಥ್ರೂ ಫೀಡ್ ಆಗುವುದಿಲ್ಲ, ಅಂದರೆ ಒಂದು ಕಡೆಯಿಂದ ತೂರಿ ಇನ್ನೊಂದು ಕಡೆ ಹೊರಬರುವುದಿಲ್ಲ. ಬೇರಿಂಗ್ ಕೂರುವ ಜಾಗವನ್ನು ಎರಡು ಸೆಂಟರ್ (ಶಾಫ್ಟಿನ ತುದಿಯ ತೂತಿಗೆ ಕೂರುವ ಮೊನೆ) ನಡುವೆ ಹಿಡಿದು ಗ್ರೈಂಡ್ ಮಾಡಬೇಕು. ಹೀಟ್ ಟ್ರೀಟ್‌ಮೆಂಟ್ ಆದಮೇಲೆ ಆ ತೂತು, ಅಂದರೆ ಸೆಂಟರ್ ಹೋಲ್ ಸ್ವಚ್ಛ ಮಾಡದಿದ್ದರೆ ರನ್‌ಔಟ್ (ತಿರುಗುವಾಗ ಓಲಾಟ) ಬಂದೇ ಬರುತ್ತದೆ, ಆಮೇಲೆ ಎಲ್ಲರೂ ಗ್ರೈಂಡರನ್ನು ದೂರುತ್ತಾರೆ. ಆರಂಭದಲ್ಲಿ ಗ್ರೈಂಡಿಂಗನ್ನು ಹೊರಗೆ ಜಾಬ್ ವರ್ಕಿಗೆ ಕೊಡಿ.

ಅಲ್ಯೂಮಿನಿಯಂ ಕೆಲಸ ಬಂದರೆ ಸ್ಟೀಲಿಗೆ ಬಳಸುವ ಕೋಟೆಡ್ ಇನ್ಸರ್ಟ್ (ಕತ್ತರಿಸುವ ತುದಿ) ಹಾಕಬೇಡಿ, ಲೋಹ ತುದಿಗೆ ಅಂಟಿ ಫಿನಿಶ್ ಹರಿದುಹೋಗುತ್ತದೆ. ಕೋಟಿಂಗ್ ಇಲ್ಲದ, ಪಾಲಿಶ್ ಮಾಡಿದ, ಚೂಪು ಅಂಚಿನ ಕಾರ್ಬೈಡ್ ಬೇಕು. ಅಲ್ಯೂಮಿನಿಯಂ ಚಿಪ್ಸ್ (ಕೊರೆದ ಚೂರು) ಕಬ್ಬಿಣದ ಜೊತೆ ಬೆರೆತರೆ ಗುಜರಿ ದರ ಬೀಳುತ್ತದೆ. ಅಲ್ಯೂಮಿನಿಯಂ ಧೂಳಿಗೆ ಸ್ಟೀಲ್ ಗ್ರೈಂಡಿಂಗ್ ಕಿಡಿ ತಾಗಿದರೆ ಬೆಂಕಿ ಹತ್ತಬಹುದು, ಆದ್ದರಿಂದ ಜಾಗವನ್ನೇ ಬೇರೆ ಮಾಡಿ.

ಹೊಸ ಗಿರಾಕಿ ಸ್ಯಾಂಪಲ್, ಪಿಪಿಎಪಿ (ಪಾರ್ಟ್ ಒಪ್ಪಿಗೆಗೆ ಕೊಡುವ ದಾಖಲೆ) ಒಪ್ಪಿ ರೆಗ್ಯುಲರ್ ಆರ್ಡರ್ ಕೊಡಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಸಂಬಳ, ಬಾಡಿಗೆ, ಕರೆಂಟ್ ಬಿಲ್ ಕಟ್ಟುವುದು ವಾಲ್ವ್ ಗೈಡೇ; ಒಂದೇ ಸಲ ಕೈಬಿಡದೆ ಒಂದೊಂದೇ ಲೇತ್ ಬದಲಿಸಿ. ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿ ಸರ್ಕಾರದ ಉದ್ಯಮ್ ನೋಂದಣಿ ಇದ್ದರೆ, ಒಪ್ಪಂದದಲ್ಲಿ ಏನೇ ಬರೆದಿರಲಿ, ಎಂಎಸ್‌ಎಂಇಡಿ ಕಾಯ್ದೆಯಂತೆ (ಸಣ್ಣ ಉದ್ಯಮಗಳ ಅಭಿವೃದ್ಧಿ ಕಾಯ್ದೆ) 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ. ಪರ್ಚೇಸ್ ಆರ್ಡರಿನಲ್ಲಿ 90 ದಿನ ಎಂದಿದ್ದರೆ ಸಹಿ ಹಾಕುವ ಮೊದಲೇ ಕೇಳಿ ತಿದ್ದಿಸಿಕೊಳ್ಳಿ.